ಛೋಟಿ ದಾದಿಯೊಡನೆ ಒಂದು ಯುದ್ಧದ ಸಿನಿಮಾ

ಮಗಳ ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಅಂಕಗಳು ಚೆನ್ನಾಗಿಯೇ ಬಂದಿದ್ದವು. ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆ ಎಂದು ಅವಳು ಹೇಳಿದ್ದೇ ಈ ಮೌನಕ್ಕೆ ಕಾರಣ. ಅಮ್ಮಿ ತಸ್ಬೀಹ್ ಹಿಡಿದು ಒಳಗೆ ಹೋದರು. ನಾವು, ಅಂದರೆ ಅವಳನ್ನು ಹೆತ್ತವರು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿ ಪಾಳಿ, ಪರಗಂಡಸರ ಮೈ ಮುಟ್ಟುವ ಕೆಲಸ, ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನೆಂದಾರು ಎಂಬ ಅಳುಕು. ಇವು ಯಾರ ಬಾಯಿಂದಲೂ ಹೊರಬರಲಿಲ್ಲ. ಆದರೂ ಅಡುಗೆಮನೆಯಿಂದ ನಡುಮನೆಯ ತನಕ ಓಡಾಡುತ್ತಲೇ ಇದ್ದವು.

ಅದೇ ವಾರ ಖಾಲಾ ಬಂದರು. ಅಮ್ಮಿಯ ತಂಗಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ನಮ್ಮ ಮಗಳಿಗೆ ಅಮ್ಮಿ 'ದಾದಿ', ಖಾಲಾ 'ಛೋಟಿ ದಾದಿ'. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕೂತು ಬಂದ ನಮಗೆ ಈ ಪದ ಹಿಂದಿನಿಂದಲೂ ನಗು ತರಿಸುವಂಥದು. ಉರ್ದುವಿನಲ್ಲಿ ದಾದಿಯೆಂದರೆ ಅಪ್ಪನ ತಾಯಿ, ಕನ್ನಡದಲ್ಲಿ ನರ್ಸು. ಖಾಲಾ ಎರಡೂ ಭಾಷೆಗಳಲ್ಲಿ ದಾದಿ. ಆದರೆ ಮದುವೆ ಮನೆಗಳಲ್ಲಿ ಅವರನ್ನು ಪರಿಚಯಿಸುವಾಗ 'ಆಸ್ಪತ್ರೆಯಲ್ಲಿದ್ದರು' ಎಂದಷ್ಟೇ ಹೇಳಿ ಮುಂದೆ ಸಾಗುವುದು ನಮ್ಮ ರೂಢಿ. ಯಾವ ಕೆಲಸದಲ್ಲಿದ್ದರು ಎಂಬುದನ್ನು ನುಂಗಿಬಿಡುತ್ತೇವೆ. ಕೇಳಿದವರು ಡಾಕ್ಟರೆಂದು ತಿಳಿದುಕೊಂಡರೆ ತಿದ್ದುವುದೂ ಇಲ್ಲ.

ಆ ಶನಿವಾರ ಇಶಾ ನಮಾಜಿನ ನಂತರ ಮಗಳು ಫೋನನ್ನು ಟಿ.ವಿ.ಗೆ ಜೋಡಿಸಿ ಹಳೆಯ ಕಪ್ಪು ಬಿಳುಪಿನ ಇಂಗ್ಲಿಷ್ ಚಿತ್ರವೊಂದನ್ನು ಹಾಕಿದಳು. ಅದು 1943ರಲ್ಲಿ ಪ್ಯಾರಾಮೌಂಟ್ ಕಂಪನಿ ತಯಾರಿಸಿದ 'ಸೋ ಪ್ರೌಡ್ಲಿ ವಿ ಹೇಲ್'. ಎರಡನೆಯ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಸಿಕ್ಕಿಬಿದ್ದ ಅಮೆರಿಕನ್ ಸೇನೆಯ ನರ್ಸ್‌ಗಳ ಕಥೆ. ಹೆಸರಿನ ಅರ್ಥ 'ಎಷ್ಟು ಹೆಮ್ಮೆಯಿಂದ ನಾವು ವಂದಿಸುತ್ತೇವೆ' ಎಂದು. ಅಮೆರಿಕದ ರಾಷ್ಟ್ರಗೀತೆಯಿಂದ ಎತ್ತಿಕೊಂಡ ಮಾತು ಅದು. ಹೆಸರಿನಲ್ಲೇ 'ನಾವು' ಇದೆ. ಈ 'ನಾವು' ಯಾರು ಎಂಬ ಪ್ರಶ್ನೆ ಚಿತ್ರ ಮುಗಿಯುವವರೆಗೂ ನಮ್ಮನ್ನು ಬಿಡಲಿಲ್ಲ.

ಐದು ಜನ ಕೂತು ನೋಡಿದೆವು. ಖಾಲಾರಿಗೆ ಆ ವೇಗದ ಇಂಗ್ಲಿಷ್ ಹಿಡಿಯುತ್ತಿರಲಿಲ್ಲವಾದ್ದರಿಂದ ಮಗಳು ಪಕ್ಕದಲ್ಲಿ ಕೂತು ನಮ್ಮ ಮನೆಯ ದಖನಿಯಲ್ಲಿ ಹೇಳುತ್ತಾ ಹೋದಳು. ಅಮ್ಮಿ ತಾನು ನೋಡುತ್ತಿಲ್ಲ ಎಂಬಂತೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು.

ಚಿತ್ರ ಆರಂಭವಾಗುವುದು ಮರಳಿ ಮನೆಗೆ ಹೊರಟ ಹಡಗಿನಲ್ಲಿ. ಯುದ್ಧಭೂಮಿಯಿಂದ ಪಾರಾಗಿ ಬಂದ ಕೆಲವು ನರ್ಸ್‌ಗಳು ಅದರಲ್ಲಿದ್ದಾರೆ. ಅವರ ನಾಯಕಿ ಲೆಫ್ಟಿನೆಂಟ್ ಡೇವಿಡ್‌ಸನ್ ಮಾತು ಬಿಟ್ಟಿದ್ದಾಳೆ. ಕಣ್ಣು ತೆರೆದಿದೆ, ಏನನ್ನೂ ನೋಡುತ್ತಿಲ್ಲ. ಏನಾಯಿತು ಹೇಳಿ ಎಂದು ಹಡಗಿನ ವೈದ್ಯ ಉಳಿದವರನ್ನು ಕೇಳುತ್ತಾನೆ. ಅವರು ಹೇಳುವುದೇ ಕಥೆ. 1941ರ ಕೊನೆಯಲ್ಲಿ ಈ ಹುಡುಗಿಯರು ಸ್ಯಾನ್ ಫ್ರಾನ್ಸಿಸ್ಕೋದಿಂದ ನಗುತ್ತಾ ಹಡಗು ಹತ್ತಿರುತ್ತಾರೆ. ಸಮುದ್ರದ ಮಧ್ಯೆ ಇರುವಾಗಲೇ ಡಿಸೆಂಬರ್ 7ರಂದು ಜಪಾನೀಯರು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡುತ್ತಾರೆ. ಹಡಗು ದಿಕ್ಕು ಬದಲಿಸಿ ಇವರನ್ನು ಬಟಾನ್ ಎಂಬ ಪರ್ಯಾಯ ದ್ವೀಪಕ್ಕೆ ತಂದು ಇಳಿಸುತ್ತದೆ. ಅಲ್ಲಿ ಕಾಡಿನ ನಡುವೆ ಆಸ್ಪತ್ರೆ. ಮಲೇರಿಯಾ, ಹಸಿವು, ಮುಗಿಯುತ್ತಾ ಬಂದ ಕ್ವಿನೈನ್, ದಿನದಿನವೂ ಹತ್ತಿರವಾಗುವ ಶತ್ರು. ಬಟಾನ್ ಕೈಬಿಟ್ಟಾಗ ಎದುರಿಗಿರುವ ಕೊರೆಗಿಡಾರ್ ದ್ವೀಪದ ಸುರಂಗಕ್ಕೆ ಓಡುತ್ತಾರೆ. ಅಲ್ಲಿಂದ ಕೆಲವರನ್ನಷ್ಟೇ ಪಾರು ಮಾಡಲಾಗುತ್ತದೆ.

ನಿರ್ದೇಶಕ ಮಾರ್ಕ್ ಸ್ಯಾಂಡ್ರಿಚ್. ಅದುವರೆಗೆ ಫ್ರೆಡ್ ಆಸ್ಟೇರ್‌ನ ಕುಣಿತದ ಚಿತ್ರಗಳನ್ನು ಮಾಡಿ ಹೆಸರಾಗಿದ್ದವನು. ಡೇವಿಡ್‌ಸನ್ ಪಾತ್ರದಲ್ಲಿ ಕ್ಲಾಡೆಟ್ ಕೋಲ್ಬೆರ್, ಚೆಲ್ಲು ಚೆಲ್ಲಾಗಿ ಮಾತಾಡುವ ಜೋನ್ ಆಗಿ ಪಾಲೆಟ್ ಗೊಡಾರ್ಡ್, ಎದೆಯಲ್ಲಿ ಬೆಂಕಿ ಹೊತ್ತ ಒಲಿವಿಯಾ ಆಗಿ ವೆರೋನಿಕಾ ಲೇಕ್. ಗೊಡಾರ್ಡ್‌ಗೆ ಈ ಪಾತ್ರದಿಂದ ಆಸ್ಕರ್ ನಾಮಕರಣ ಸಿಕ್ಕಿತ್ತು. ಬಟಾನಿನಲ್ಲಿ ನಿಜವಾಗಿ ಕೆಲಸ ಮಾಡಿ ಪಾರಾಗಿ ಬಂದಿದ್ದ ಜುವಾನಿಟಾ ರೆಡ್‌ಮಂಡ್ ಎಂಬ ನರ್ಸ್ ಅದೇ 1943ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದಿದ್ದಳು.

ಖಾಲಾ ಚಿತ್ರ ನೋಡಿದ್ದು ವಾರ್ಡಿನ ರೌಂಡ್ಸಿಗೆ ಬಂದವರಂತೆ. ಮಂಚಗಳ ನಡುವೆ ಎಷ್ಟು ಜಾಗವಿದೆ, ಗಾಯದ ಬಟ್ಟೆ ಯಾರು ಒಗೆಯುತ್ತಾರೆ, ಒಬ್ಬಳೇ ಎಷ್ಟು ರೋಗಿಗಳನ್ನು ನೋಡುತ್ತಿದ್ದಾಳೆ, ಇವೇ ಅವರ ಪ್ರಶ್ನೆಗಳು. "ಇಷ್ಟು ಹೊತ್ತಾಯಿತು, ಒಬ್ಬಳ ಕೈಯಲ್ಲೂ ಬೆಡ್‌ಪ್ಯಾನ್ ಕಾಣಲಿಲ್ಲವಲ್ಲ" ಎಂದರು ಒಮ್ಮೆ. ಜೋನ್ ತನ್ನ ಕಪ್ಪು ರೇಷ್ಮೆಯ ರಾತ್ರಿಯುಡುಪನ್ನು ಯುದ್ಧಭೂಮಿಯವರೆಗೂ ಜೋಪಾನವಾಗಿ ಹೊತ್ತು ತಂದಿದ್ದನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಮ್ಮಂಥ ಕಥೆ ಬರೆಯುವವರಿಗೆ ಆ ಉಡುಪು ಸಿನಿಮಾದವರ ಆಟವೆನಿಸಿತು. ಖಾಲಾ ಒಪ್ಪಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ಅವರ ಟ್ರಂಕಿನಲ್ಲೂ ಒಂದು ಗುಲಾಬಿ ಬಣ್ಣದ ದುಪಟ್ಟಾ ಇತ್ತಂತೆ. ಮೂರು ವರ್ಷದಲ್ಲಿ ಒಂದು ಸಲವೂ ಹೊದೆಯಲಿಲ್ಲ. ಬಿಳಿ ಬಟ್ಟೆಯಲ್ಲಿ ರಕ್ತ, ಕೀವು ನೋಡಿ ಬಂದ ರಾತ್ರಿ ಟ್ರಂಕು ತೆಗೆದು ಅದನ್ನು ಮುಟ್ಟಿ ಮಲಗುತ್ತಿದ್ದರಂತೆ. ಅಂದಿನಿಂದ ಆ ದೃಶ್ಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ.

ಈ ಚಿತ್ರದ ದೊಡ್ಡ ಗುಣವೆಂದರೆ ಯುದ್ಧದ ಕಥೆಯ ನಡುವಿಗೆ ಹೆಂಗಸರ ದುಡಿಮೆಯನ್ನು ತಂದು ಕೂರಿಸಿದ್ದು. ಗಂಡಸರು ಬರುತ್ತಾರೆ, ಪ್ರೀತಿಸುತ್ತಾರೆ, ಹೋಗುತ್ತಾರೆ. ಉಳಿಯುವವರು ಇವರು. ಹಿರಿಯ ನರ್ಸ್ ಮ್ಯಾಕ್‌ಗ್ರೆಗರ್‌ಳ ಸ್ವಂತ ಮಗನೇ ಗಾಯಾಳುವಾಗಿ ಬಂದು ಅವಳ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅಲ್ಲಿ ಕ್ಯಾಮೆರಾ ಗದ್ದಲ ಮಾಡುವುದಿಲ್ಲ. ಇನ್ನೊಂದೆಡೆ, ಅದೇ ಅಮೆರಿಕ ತನ್ನ ಸೇನೆಯ ನರ್ಸ್‌ಗಳಿಗೆ ಅಧಿಕಾರಿಗಳ ಪೂರ್ಣ ಸ್ಥಾನಮಾನವನ್ನು 1944ರವರೆಗೂ ಕೊಟ್ಟಿರಲಿಲ್ಲ. ಭುಜದ ಮೇಲೆ ಲೆಫ್ಟಿನೆಂಟಿನ ಪಟ್ಟಿ ಇತ್ತು, ಅದರ ಹಿಂದಿನ ಹಕ್ಕುಗಳು ಪೂರ್ತಿ ಇರಲಿಲ್ಲ. ತೆರೆಯ ಮೇಲೆ ಹೆಮ್ಮೆಯಿಂದ ವಂದಿಸುವುದು ಸುಲಭ.

ದೋಷಗಳೂ ಇವೆ. ಡೇವಿಡ್‌ಸನ್ ಸೇನೆಯ ನಿಯಮ ಮೀರಿ ಒಬ್ಬ ಸೈನಿಕನನ್ನು ಮದುವೆಯಾಗುತ್ತಾಳೆ. ಅವನು ಔಷಧಿ, ಸಾಮಗ್ರಿ ತರಲು ಹೋದವನು ಮರಳುವುದಿಲ್ಲ. ಅವಳ ಮೌನಕ್ಕೆ ಚಿತ್ರ ಕೊಡುವ ಕಾರಣ ಇದೊಂದೇ. ಕೊನೆಗೆ ಅವನ ಪತ್ರವನ್ನು ವೈದ್ಯ ಓದಿದಾಗ ಅವಳ ಕಣ್ಣಿಗೆ ಜೀವ ಬರುತ್ತದೆ. ಖಾಲಾರಿಗೆ ಇದು ಹಿಡಿಸಲಿಲ್ಲ. "ಗಂಡ ಹೋದದ್ದು ದುಃಖವೇ. ಆದರೆ ಅಷ್ಟು ಜನ ಹುಡುಗರು ಅವಳ ಕೈಯಲ್ಲಿ ಸತ್ತರಲ್ಲ, ಅವರ ಲೆಕ್ಕ ಎಲ್ಲಿ ಹೋಯಿತು?" ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹೆಣ್ಣಿನ ಯಾವ ನೋವನ್ನಾದರೂ ಪ್ರೇಮದ ಖಾತೆಗೆ ಬರೆದುಬಿಡುವ ಚಾಳಿ ಹಾಲಿವುಡ್ಡಿನದು ಮಾತ್ರವಲ್ಲ, ನಮ್ಮ ಕಥೆಗಳದ್ದೂ ಹೌದು.

ಇನ್ನು ಒಲಿವಿಯಾಳ ವಿಷಯಕ್ಕೆ ಬರೋಣ. ಈ ಬರಹ ಹುಟ್ಟಿದ್ದೇ ಅವಳಿಂದ.

ಒಲಿವಿಯಾ ಯಾರೊಂದಿಗೂ ಬೆರೆಯುವುದಿಲ್ಲ. ಅವಳು ಮದುವೆಯಾಗಬೇಕಿದ್ದ ಹುಡುಗ ಪರ್ಲ್ ಹಾರ್ಬರ್ ದಾಳಿಯಲ್ಲಿ ಅವಳ ಕಣ್ಣೆದುರೇ ಸತ್ತಿದ್ದಾನೆ. ಬಟಾನಿಗೆ ಬಂದವಳು ಗಾಯಗೊಂಡ ಜಪಾನೀ ಸೈನಿಕರ ವಾರ್ಡನ್ನು ಕೇಳಿ ಪಡೆಯುತ್ತಾಳೆ. ಕಾರಣ ಗೊತ್ತಾದಾಗ ಡೇವಿಡ್‌ಸನ್ ಗಾಬರಿಯಿಂದ ಅಲ್ಲಿಗೆ ಓಡುತ್ತಾಳೆ. ಇವಳು ಹೋಗಿರುವುದು ಅವರನ್ನು ಕೊಲ್ಲಲು. ಆದರೆ ಅಲ್ಲಿ ಕಾಣುವ ದೃಶ್ಯವೇ ಬೇರೆ. ಒಲಿವಿಯಾ ಅಳುತ್ತಾ ನಿಂತಿದ್ದಾಳೆ. ಅವಳಿಂದ ಆಗಲಿಲ್ಲ. ದ್ವೇಷ ಇತ್ತು, ಕತ್ತಲೆ ಇತ್ತು, ಎದುರಿಗೆ ಏಳಲಾರದ ಶತ್ರು ಇದ್ದ. ಆದರೂ ಕೈ ಏಳಲಿಲ್ಲ.

ಖಾಲಾ ಮಗಳಿಗೆ ಕೈಸನ್ನೆ ಮಾಡಿ ಚಿತ್ರವನ್ನು ನಿಲ್ಲಿಸಲು ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ್ದು ಇದು:

1992ರ ಡಿಸೆಂಬರ್. ಬಾಬರಿ ಮಸೀದಿ ಬಿದ್ದ ನಂತರದ ದಿನಗಳು. ಖಾಲಾ ಇದ್ದ ಊರಿನಲ್ಲೂ ಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಬದಲಿ ನರ್ಸ್ ಬರಲಾಗದೆ ಎರಡು ಹಗಲು ಎರಡು ರಾತ್ರಿ ಅವರೇ ಸರ್ಜಿಕಲ್ ವಾರ್ಡಿನಲ್ಲಿ ಉಳಿದರು. ಎರಡನೆಯ ದಿನ ನಮ್ಮ ಮಾಮುವಿನ ಟೈಲರಿಂಗ್ ಅಂಗಡಿ ಸುಟ್ಟ ಸುದ್ದಿ ಬಂತು. ಅದೇ ಸಂಜೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನನ್ನು ತಂದು ಮಲಗಿಸಿದರು. ಹೊಟ್ಟೆಗೆ ಚೂರಿಯ ಏಟು. ಬೆಂಕಿ ಹಚ್ಚಿದ ಗುಂಪಿನಲ್ಲಿ ಅವನಿದ್ದ ಎಂದು ಹೊರಗೆ ವರಾಂಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ಗೊತ್ತಿಲ್ಲ. ಮಧ್ಯರಾತ್ರಿ ಅವನಿಗೆ ಜ್ವರ ಏರಿತು. ಖಾಲಾ ಇಂಜೆಕ್ಷನ್ ಹಿಡಿದು ಹೋದರೆ ಅವನು ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಕೈ ಎಳೆದುಕೊಂಡ.

"ನನಗೂ ಕೈ ನಡುಗಿತು ಬೇಟಾ" ಎಂದರು ಖಾಲಾ. "ಮನಸ್ಸಿಗೆ ಏನೇನೋ ಬಂತು. ಸುಳ್ಳು ಹೇಳುವುದಿಲ್ಲ. ವಾಪಸು ಹೋಗಿ ಕುರ್ಚಿಯಲ್ಲಿ ಕೂತುಬಿಡೋಣ, ಬೇಡ ಅಂದ ಅಂತ ಬರೆದುಬಿಡೋಣ ಅನಿಸಿತು. ಮತ್ತೆ ಅವನ ಮಣಿಕಟ್ಟು ಹಿಡಿದೆ. ನಾಡಿ ಓಡುತ್ತಿತ್ತು. ನಾಡಿ ಹಿಡಿದ ಮೇಲೆ ಎಣಿಸಲೇಬೇಕಲ್ಲ? ಎಣಿಸಿದೆ. ನೂರಾ ಇಪ್ಪತ್ತು. ಆಮೇಲೆ ಕೆಲಸ ತಾನಾಗಿ ಆಯಿತು."

ಅವನು ಬದುಕಿದನೇ ಎಂದು ಮಗಳು ಕೇಳಿದಳು. "ಬದುಕಿದ. ಹೋಗುವಾಗ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ."

ಅಮ್ಮಿಯ ಕೈಯಲ್ಲಿನ ಬೆಳ್ಳುಳ್ಳಿ ಹಾಗೆಯೇ ಇತ್ತು. "ಇದನ್ನು ಇಷ್ಟು ವರ್ಷ ನನಗೆ ಹೇಳಲೇ ಇಲ್ಲವಲ್ಲೇ" ಎಂದರು.

"ನೀವು ಕೇಳಲಿಲ್ಲ, ಆಪಾ."

ನಾವು ಯಾರೂ ಕೇಳಿರಲಿಲ್ಲ. ಗಲಭೆಯಲ್ಲಿ ಅಂಗಡಿ ಸುಟ್ಟ ಕಥೆ ನಮ್ಮ ಮನೆಯಲ್ಲಿ ನೂರು ಸಲ ಹೇಳಲಾಗಿದೆ. ಆ ಬಗ್ಗೆ ಕಥೆಯನ್ನೂ ಬರೆದಿದ್ದೇವೆ. ಅದೇ ರಾತ್ರಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಎಲ್ಲಿ, ಏನು ಮಾಡುತ್ತಿದ್ದಳು ಎಂಬುದು ನಮ್ಮ ಕಥೆಯೊಳಗೆ ಬಂದಿರಲೇ ಇಲ್ಲ.

ಚಿತ್ರ ಮತ್ತೆ ಶುರುವಾಯಿತು. ಜಪಾನೀ ಸೈನಿಕರು ಆಸ್ಪತ್ರೆಯ ಹತ್ತಿರ ಬಂದಿದ್ದಾರೆ. ಕೆಲವು ನರ್ಸ್‌ಗಳು ಗುಡಿಸಲಿನಲ್ಲಿ ಸಿಕ್ಕಿಕೊಂಡಿದ್ದಾರೆ. ಟ್ರಕ್ಕಿನವರೆಗೆ ಹೋಗಲು ದಾರಿಯಿಲ್ಲ. ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಚೀನಾದ ನಾನ್‌ಕಿಂಗ್ ನಗರದಲ್ಲಿ ಜಪಾನೀ ಸೇನೆ ಹೆಂಗಸರ ಮೇಲೆ ಎಸಗಿದ ಕ್ರೌರ್ಯದ ನೆನಪು ಅವರ ಮಾತಿನಲ್ಲಿ ಬರುತ್ತದೆ. ಆಗ ಒಲಿವಿಯಾ ಒಂದು ಕೈಬಾಂಬನ್ನು ಉಡುಪಿನೊಳಗೆ ಬಚ್ಚಿಟ್ಟುಕೊಂಡು, ಕಟ್ಟಿದ ಕೂದಲನ್ನು ಬಿಚ್ಚಿ ಭುಜದ ಮೇಲೆ ಹರಡಿ, ಶರಣಾಗುವವಳಂತೆ ಕೈಗಳನ್ನೆತ್ತಿ ಶತ್ರುಗಳ ಕಡೆ ನಡೆಯುತ್ತಾಳೆ. ಅವರು ಸುತ್ತುವರಿಯುತ್ತಾರೆ. ಬಾಂಬು ಸಿಡಿಯುತ್ತದೆ. ಉಳಿದವರು ಪಾರಾಗುತ್ತಾರೆ.

ಕೂದಲಿಗೂ ಒಂದು ಕಥೆಯಿದೆ. ಒಂದು ಕಣ್ಣಿನ ಮೇಲೆ ಇಳಿಬೀಳುವ ಹೊಂಬಣ್ಣದ ಕೂದಲು ವೆರೋನಿಕಾ ಲೇಕ್‌ಳ ಗುರುತಾಗಿತ್ತು. ಯುದ್ಧದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹುಡುಗಿಯರು ಅದನ್ನೇ ಅನುಕರಿಸಿ, ಕೂದಲು ಯಂತ್ರಕ್ಕೆ ಸಿಕ್ಕುವ ಅಪಾಯ ಎದುರಾದಾಗ ಸರ್ಕಾರದ ಕೋರಿಕೆಯಂತೆ ಆಕೆ ಕೂದಲನ್ನು ಮೇಲೆ ಕಟ್ಟಿದಳು. ಈ ಚಿತ್ರದಲ್ಲಿ ಕಟ್ಟಿದ ಕೂದಲು ಬಿಚ್ಚುವುದು ಸಾಯುವಾಗ ಮಾತ್ರ. ಹೆಣ್ಣಿನ ಕೂದಲು ಮುಚ್ಚಬೇಕೋ ತೆರೆಯಬೇಕೋ ಎಂದು ದೇಶಗಳು, ಸರ್ಕಾರಗಳು ತಲೆಕೆಡಿಸಿಕೊಳ್ಳುವುದು ಹೊಸತಲ್ಲ ಎಂದು ನಮ್ಮ ಮಗಳು ಗೊಣಗಿದಳು. ಅವಳ ಜೊತೆ ಓದಿದವರಲ್ಲಿ 2022ರ ಹಿಜಾಬ್ ಗಲಾಟೆಯಲ್ಲಿ ಕಾಲೇಜು ತಪ್ಪಿಸಿಕೊಂಡವರ ತಂಗಿಯರಿದ್ದಾರೆ.

ಸ್ಫೋಟದ ಆ ದೃಶ್ಯದ ಮುಂದೆ ನಾವು ಅಲುಗಾಡದೆ ಕೂತೆವು. ಮೈಗೆ ಬಾಂಬು ಕಟ್ಟಿಕೊಂಡು ಹೋಗುವವರ ಸುದ್ದಿ ಬಂದಾಗಲೆಲ್ಲ ಜಗತ್ತು ನಮ್ಮ ಕಡೆ ತಿರುಗಿ ನೋಡುತ್ತದೆ. ನಮ್ಮ ಧರ್ಮದಲ್ಲೇ ಏನೋ ಇದೆ ಎಂದು ಪಂಡಿತರು ಬರೆಯುತ್ತಾರೆ. ಇಲ್ಲಿ ಒಬ್ಬ ಕ್ರೈಸ್ತ ದೇಶದ ನರ್ಸ್ ಅದನ್ನೇ ಮಾಡುತ್ತಾಳೆ. 1943ರಲ್ಲಿ ಅದನ್ನು ಬಲಿದಾನವೆಂದೇ ತೋರಿಸಲಾಯಿತು. ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ. ತನ್ನ ಮೇಲೆ ಎರಗಲು ಬಂದ ಸೈನಿಕರನ್ನು ಎದುರಿಸುವುದಕ್ಕೂ ಸಂತೆಯಲ್ಲಿ ತರಕಾರಿ ಕೊಳ್ಳುವವರನ್ನು ಕೊಲ್ಲುವುದಕ್ಕೂ ಭೂಮಿ ಆಕಾಶದ ಅಂತರವಿದೆ. ಸಂತೆಯಲ್ಲಿ ಕೊಂದವನಿಗೆ ನಮ್ಮ ದೀನ್‌ನಲ್ಲಿ ಆಸರೆಯಿಲ್ಲ. ಆತ್ಮಹತ್ಯೆಯೂ ಹರಾಮ್. ಆದರೆ ಸಾವನ್ನು ಅಲಂಕರಿಸಿ ತೋರಿಸುವ ಕಲೆ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಯುದ್ಧ ತನ್ನದಾದಾಗ ಎಲ್ಲರಿಗೂ ಆ ಕಲೆ ಬರುತ್ತದೆ.

ಖಾಲಾ ಈ ಚರ್ಚೆಗೆ ಬರಲಿಲ್ಲ. "ಆ ವಾರ್ಡಿನಲ್ಲಿ ಅಳುತ್ತಾ ನಿಂತಳಲ್ಲ, ಅಷ್ಟೇ ಸಾಕಿತ್ತು" ಎಂದಷ್ಟೇ ಹೇಳಿದರು.

ಅವರ ಮಾತು ಸರಿ ಎಂದು ನಮಗೆ ಆಮೇಲೆ ಹೊಳೆಯಿತು. ವಾರ್ಡಿನ ದೃಶ್ಯದಲ್ಲಿ ಒಂದು ಕ್ಷಣ ಚಿತ್ರದ 'ನಾವು' ಅಗಲವಾಗಿತ್ತು. ಮಂಚದ ಮೇಲಿನ ಜಪಾನೀಯನೂ ಅದರೊಳಗೆ ಬಂದಿದ್ದ. ಬಾಂಬಿನೊಡನೆ ಅದು ಮತ್ತೆ ಕುಗ್ಗಿತು. ನಂತರ ಜಪಾನೀಯರಿಗೆ ಮುಖವಿಲ್ಲ, ಹೆಸರಿಲ್ಲ. ಕತ್ತಲಲ್ಲಿ ನುಗ್ಗಿ ಬರುವ ನೆರಳುಗಳು ಅವರು. ಯುದ್ಧ ನಡೆಯುತ್ತಿರುವಾಗ ಮಾಡಿದ ಚಿತ್ರದಿಂದ ಇನ್ನೇನು ನಿರೀಕ್ಷಿಸಲಾದೀತು ಎನ್ನಬಹುದು. ಆದರೆ ವಾರ್ಡಿನ ಆ ದೃಶ್ಯವನ್ನೂ ಅದೇ ಯುದ್ಧದ ನಡುವೆ ಅದೇ ಜನ ಬರೆದರಲ್ಲ?

ಆ 'ನಾವು' ಒಳಗೆ ಸೇರದೆ ಹೋದವರು ಶತ್ರುಗಳು ಮಾತ್ರ ಅಲ್ಲ. ಯುದ್ಧ ನಡೆದದ್ದು ಫಿಲಿಪ್ಪೀನ್ಸ್ ಜನರ ನೆಲದಲ್ಲಿ. 1942ರ ಏಪ್ರಿಲ್ 9ರಂದು ಬಟಾನಿನಲ್ಲಿ ಶರಣಾದ ಸುಮಾರು 75,000 ಸೈನಿಕರಲ್ಲಿ ಬಹುಪಾಲು ಆ ನಾಡಿನವರೇ. ಚಿತ್ರದಲ್ಲಿ ಅವರು ಅಂಚಿನಲ್ಲಿ ನಿಲ್ಲುತ್ತಾರೆ. ಕಾಡಿನ ಆಸ್ಪತ್ರೆಗಳಲ್ಲಿ ಅಮೆರಿಕನ್ನರ ಜೊತೆ ಫಿಲಿಪ್ಪೀನ್ಸ್‌ನ ನರ್ಸ್‌ಗಳೂ ದುಡಿದರು. ಬಟಾನ್ ಬೀಳುವ ಹೊತ್ತಿಗೆ ಅಮೆರಿಕನ್ ನರ್ಸ್‌ಗಳನ್ನು ಮಾತ್ರ ತೆರವುಗೊಳಿಸುವಂತೆ ಆದೇಶ ಬಂದಾಗ ಜೋಸಿ ನೆಸ್ಬಿಟ್ ಎಂಬ ಹಿರಿಯ ನರ್ಸ್ ತನ್ನ ಫಿಲಿಪ್ಪಿನೋ ಹುಡುಗಿಯರನ್ನು ಬಿಟ್ಟು ಹೋಗಲಾರೆ ಎಂದು ಪಟ್ಟು ಹಿಡಿದಳು. ಅವರೂ ಕೊರೆಗಿಡಾರ್‌ಗೆ ಬಂದರು. ಸಿನಿಮಾಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತಿದ್ದ ದೃಶ್ಯ! ಯುದ್ಧ ಮುಗಿದು ಗೆದ್ದ ಮೇಲೆ, 1946ರ ಫೆಬ್ರವರಿಯಲ್ಲಿ, ಅಮೆರಿಕ ಒಂದು ಕಾನೂನು ಮಾಡಿ ತನ್ನ ಬಾವುಟದಡಿ ಕಾದಾಡಿದ ಹೆಚ್ಚಿನ ಫಿಲಿಪ್ಪಿನೋ ಸೈನಿಕರಿಗೆ ಮಾಜಿ ಸೈನಿಕರ ಸೌಲಭ್ಯಗಳನ್ನು ನಿರಾಕರಿಸಿತು. ಒಂದಿಷ್ಟು ಪರಿಹಾರ ಸಿಕ್ಕಿದ್ದು 2009ರಲ್ಲಿ. ಅಷ್ಟರಲ್ಲಿ ಬಹಳ ಜನ ಮಣ್ಣು ಸೇರಿದ್ದರು.

ಅಮೆರಿಕದ ಒಳಗೂ ಹಾಗೆಯೇ. ಯುದ್ಧಕಾಲದಲ್ಲಿ ನರ್ಸ್‌ಗಳು ಸಾಲದೆ ಸೇನೆ ಪರದಾಡುತ್ತಿದ್ದಾಗಲೂ ಕಪ್ಪು ನರ್ಸ್‌ಗಳನ್ನು ಬೆರಳೆಣಿಕೆಯಷ್ಟೇ ತೆಗೆದುಕೊಂಡರು. ಹಾಗೆ ಸೇರಿದವರಲ್ಲಿ ಅನೇಕರನ್ನು ಜರ್ಮನ್ ಯುದ್ಧಕೈದಿಗಳ ಶುಶ್ರೂಷೆಗೆ ಹಾಕಿದರು. ಸ್ವದೇಶದ ಗಾಯಾಳುವನ್ನು ಮುಟ್ಟಲು ಯೋಗ್ಯರಲ್ಲದವರು ಶತ್ರುವಿನ ಗಾಯ ತೊಳೆಯಲು ಯೋಗ್ಯರಾದರು. ಇದನ್ನು ಕೇಳಿ ಅಮ್ಮಿ "ತೌಬಾ" ಎಂದರು. ಆಮೇಲೆ, "ನಮ್ಮಲ್ಲೂ ಹಾಗೇ ತಾನೆ? ಹೆರಿಗೆ ಮಾಡಿಸಿಕೊಳ್ಳಲು ಬೇಕು, ಜೊತೆ ಕೂರಿಸಿ ಉಣ್ಣಲು ಬೇಡ" ಎಂದರು. ಅಮ್ಮಿಯ ಬಾಯಿಂದ ಈ ಮಾತು ಬರುತ್ತದೆಂದು ನಾವು ಎಣಿಸಿರಲಿಲ್ಲ.

ಚಿತ್ರದಲ್ಲಿ ಕಾಣದ ಇನ್ನೊಂದು ಸಂಗತಿಯಿದೆ, ಅದನ್ನು ಕಾಣಿಸಲು ಅಂದು ಸಾಧ್ಯವೂ ಇರಲಿಲ್ಲ. 1942ರ ಮೇ 6ರಂದು ಕೊರೆಗಿಡಾರ್ ಬಿದ್ದಿತು. ಎಲ್ಲ ನರ್ಸ್‌ಗಳೂ ಪಾರಾಗಿರಲಿಲ್ಲ. ಭೂಸೇನೆಯ 66, ನೌಕಾಸೇನೆಯ 11, ಒಟ್ಟು 77 ಅಮೆರಿಕನ್ ನರ್ಸ್‌ಗಳು ಜಪಾನೀಯರ ಕೈಗೆ ಸಿಕ್ಕಿದರು. ಮನಿಲಾದ ಸಾಂತೋ ತೋಮಾಸ್ ವಿಶ್ವವಿದ್ಯಾಲಯದ ಆವರಣವೇ ಅವರ ಸೆರೆಮನೆಯಾಯಿತು. ನೌಕಾಸೇನೆಯವರನ್ನು ಆಮೇಲೆ ಲಾಸ್ ಬಾನ್ಯೋಸ್ ಶಿಬಿರಕ್ಕೆ ಕಳಿಸಿದರು. ಪ್ರೇಕ್ಷಕರು ಥಿಯೇಟರಿನಲ್ಲಿ ಕೋಲ್ಬೆರ್‌ಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಿಜವಾದ ಬಟಾನಿನ ನರ್ಸ್‌ಗಳು ಸೆರೆಯಲ್ಲಿದ್ದರು. ಸೆರೆಯಲ್ಲೂ ಮಾಡ್ ಡೇವಿಸನ್ ಎಂಬ ಹಿರಿಯಾಕೆ ಪಾಳಿಗಳನ್ನು ತಪ್ಪಿಸಲಿಲ್ಲ. ಸಮವಸ್ತ್ರ ಹಾಕಬೇಕು, ಹೊತ್ತಿಗೆ ಸರಿಯಾಗಿ ಶಿಬಿರದ ಆಸ್ಪತ್ರೆಗೆ ಹಾಜರಾಗಬೇಕು. ಹಸಿವು ಅವರನ್ನು ಎಲುಬಿನ ಗೂಡು ಮಾಡಿತು. 1945ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ 77 ಮಂದಿಯೂ ಜೀವಂತ ಇದ್ದರು.

ಇದನ್ನು ಓದಿ ಹೇಳಿದಾಗ ಖಾಲಾ ಮೊದಲ ಸಲ ಕಣ್ಣೊರೆಸಿಕೊಂಡರು. "ಡ್ಯೂಟಿ ಇತ್ತು, ಅದಕ್ಕೇ ಬದುಕಿದರು" ಎಂದರು.

ಚಿತ್ರದಲ್ಲಿ ಆಸ್ಪತ್ರೆಯ ಮೇಲೆ ಬಾಂಬು ಬೀಳುವ ದೃಶ್ಯ ಮನಸ್ಸು ಕಲಕುತ್ತದೆ. ಬಟಾನಿನಲ್ಲಿ ನಿಜಕ್ಕೂ ಹಾಗಾಗಿತ್ತು. ಆಸ್ಪತ್ರೆಯ ಮೇಲೆ ಬಾಂಬು ಹಾಕುವವನು ಮನುಷ್ಯನೇ ಅಲ್ಲ ಎಂದು ಚಿತ್ರ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಝ್‌ನಲ್ಲಿ ಗಡಿಯರಿಯದ ವೈದ್ಯರ ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ್ದೇ ವಿಮಾನ ದಾಳಿ ಮಾಡಿ 42 ಮಂದಿ ಸತ್ತರು. 2018ರ ಜೂನ್ 1ರಂದು ಗಾಝಾದ ಗಡಿಬೇಲಿಯ ಬಳಿ ಬಿಳಿ ಕೋಟು ತೊಟ್ಟು ಗಾಯಾಳುಗಳಿಗೆ ನೆರವಾಗುತ್ತಿದ್ದ ಇಪ್ಪತ್ತರ ಹರೆಯದ ರಝಾನ್ ಅಲ್ ನಜ್ಜಾರ್ ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದಳು. 2023ರ ಅಕ್ಟೋಬರಿನ ನಂತರ ಗಾಝಾದ ಆಸ್ಪತ್ರೆಗಳಿಗೆ ಏನಾಯಿತೆಂಬುದನ್ನು ನಾವೆಲ್ಲ ನಮ್ಮ ಫೋನುಗಳಲ್ಲೇ ನೋಡಿದೆವು. ರಝಾನಳಿಗೆ ಹೆಮ್ಮೆಯಿಂದ ವಂದಿಸುವ 'ನಾವು' ಯಾರು?

ಬೆರಳು ಹೊರಗಿನವರ ಕಡೆಗೇ ಚಾಚಿ ಕೂರುವಂತಿಲ್ಲ. 2014ರಲ್ಲಿ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ 46 ಭಾರತೀಯ ನರ್ಸ್‌ಗಳು ಸಿಕ್ಕಿಬಿದ್ದರು. ಹೆಚ್ಚಿನವರು ಕೇರಳದವರು. ಸಾಲ ಮಾಡಿ, ಏಜೆಂಟರಿಗೆ ಹಣ ಕೊಟ್ಟು ಹೋದ ಬಡ ಮನೆಯ ಹುಡುಗಿಯರು. ಅವರನ್ನು ಮೋಸುಲ್‌ಗೆ ಒಯ್ದವರು ಇಸ್ಲಾಮಿನ ಹೆಸರು ಹೇಳಿಕೊಂಡ ಐಸಿಸ್‌ನವರು. ಜುಲೈ ಮೊದಲ ವಾರದಲ್ಲಿ ಅವರು ಕ್ಷೇಮವಾಗಿ ಮನೆ ಸೇರಿದ್ದು ನಮ್ಮೆಲ್ಲರ ಪುಣ್ಯ. ಆ ಘಟನೆಯ ಹಿನ್ನೆಲೆಯಲ್ಲಿ 2017ರಲ್ಲಿ ಮಲಯಾಳಂನಲ್ಲಿ ಬಂದ 'ಟೇಕ್ ಆಫ್' ಚಿತ್ರದ ನಾಯಕಿ ಸಮೀರಾ ಒಬ್ಬ ಮುಸ್ಲಿಮ್ ನರ್ಸ್. ಯುದ್ಧಕ್ಕೆ ಸಿಕ್ಕುವ ಮುಂಚೆಯೇ ಅವಳು ಮನೆಯವರೊಡನೆ ಹೋರಾಡಬೇಕಾಗುತ್ತದೆ. ಅವಳ ಸಂಬಳ ಬೇಕಾದವರಿದ್ದಾರೆ, ಅವಳ ಕೆಲಸಕ್ಕೆ ಮರ್ಯಾದೆ ಕೊಡುವವರಿಲ್ಲ.

ಆ ಸಮೀರಾಳನ್ನು ನಾವು ಯಾವ ಬಾಯಿಂದ ಹೊಗಳೋಣ? ಪ್ರವಾದಿ (ಸ) ಅವರ ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ ಎಂಬ ಮಹಿಳೆ ಗಾಯಾಳುಗಳ ಶುಶ್ರೂಷೆಗೆ ಮದೀನಾದ ಮಸೀದಿಯ ಬಳಿ ಡೇರೆ ಹಾಕಿದ್ದರು. ಕಂದಕದ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ ಅವರನ್ನು ಪ್ರವಾದಿಯವರೇ ಆ ಡೇರೆಗೆ ಕಳಿಸಿಕೊಟ್ಟರೆಂಬುದು ಸೀರತ್ ಓದಿದವರಿಗೆಲ್ಲ ಗೊತ್ತು. ಇಸ್ಲಾಮ್ ಹೆಣ್ಣಿಗೆ ಕೊಟ್ಟ ಸ್ಥಾನಮಾನದ ಬಗ್ಗೆ ಸಭೆಗಳಲ್ಲಿ ಮಾತಾಡುವಾಗ ರುಫೈದಾರ ಹೆಸರನ್ನು ನಾವು ಗತ್ತಿನಿಂದ ಎತ್ತುತ್ತೇವೆ. ಆ ಸಭೆಗಳಲ್ಲಿ ನಾವೂ ಮಾತಾಡಿದ್ದೇವೆ. ಮನೆಗೆ ಬಂದು, ನಮ್ಮದೇ ಮಗಳು ಆ ಡೇರೆಯ ಕಡೆ ಹೆಜ್ಜೆಯಿಟ್ಟರೆ, ಸಂಬಂಧ ಸಿಗುವುದು ಕಷ್ಟ ಎಂದು ಪಿಸುಗುಡುತ್ತೇವೆ. ರುಫೈದಾ ನಮಗೆ ಸಭೆಯಲ್ಲಿ ಬೇಕು, ಮನೆಯಲ್ಲಿ ಬೇಡ. ಹಾಲಿವುಡ್ಡಿಗೂ ನಮಗೂ ಇಲ್ಲಿ ವ್ಯತ್ಯಾಸ ಕಡಿಮೆ. ಅವರು ತೆರೆಯ ಮೇಲೆ ವಂದಿಸಿದರು, ನಾವು ವೇದಿಕೆಯ ಮೇಲೆ.

ಚಿತ್ರ ಮುಗಿದಾಗ ಹನ್ನೊಂದು ದಾಟಿತ್ತು. ಒಟ್ಟಾರೆ ಹೇಗಿದೆ ಎಂದು ಕೇಳುವ ಓದುಗರಿಗೆ ಹೇಳುವುದಾದರೆ, ನೋಡಬೇಕಾದ ಚಿತ್ರ. ಪ್ರಚಾರದ ಮಾತುಗಳು ಬಂದಲ್ಲಿ ಸಹಿಸಿಕೊಳ್ಳಿ, ಪ್ರೇಮದ ಹಾಡು ಹಸೆಗಳನ್ನು ಬೇಕಿದ್ದರೆ ಓಡಿಸಿ ನೋಡಿ. ಆ ವಾರ್ಡಿನ ದೃಶ್ಯದಲ್ಲಿ ಮಾತ್ರ ನಿಲ್ಲಿ. ಮನೆಯಲ್ಲಿ ಇಂಥ ಕೆಲಸ ಮಾಡಿದವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ಹೇಳುವುದು ಚಿತ್ರದಲ್ಲಿ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಅರ್ಜಿಯ ಕಾಗದಗಳು ಊಟದ ಮೇಜಿನ ಮೇಲಿದ್ದವು. ಪೋಷಕರ ಸಹಿಯ ಜಾಗ ಖಾಲಿಯಿತ್ತು. ಖಾಲಾ ಬಸ್ಸಿಗೆ ಹೊರಟು ನಿಂತಿದ್ದರು. ನಮ್ಮ ಅಳುಕು ಪೂರ್ತಿ ಹೋಗಿತ್ತು ಎಂದರೆ ಸುಳ್ಳಾದೀತು. ರಾತ್ರಿ ಪಾಳಿಯ ಚಿಂತೆ ಇತ್ತು, ಸಂಬಳಕ್ಕೂ ದುಡಿಮೆಗೂ ತಾಳೆಯಾಗದ ಖಾಸಗಿ ನರ್ಸಿಂಗ್ ಹೋಮುಗಳ ಚಿಂತೆಯೂ ಇತ್ತು. ಅವನ್ನೆಲ್ಲ ಖಾಲಾರ ಮುಂದೆ ಬಾಯಿಬಿಟ್ಟು ಹೇಳಿದೆವು. "ಇವೆಲ್ಲ ನಿಜವಾದ ಚಿಂತೆಗಳು. ಇವಕ್ಕೆ ಉತ್ತರ ಹುಡುಕಬಹುದು" ಎಂದರು.

ಸಹಿ ಹಾಕಿ ಪೆನ್ನು ಮುಚ್ಚಿದೆವು. ಅಮ್ಮಿ ಖಾಲಾರ ಬುತ್ತಿ ಕಟ್ಟುತ್ತಾ, ಯಾರ ಮುಖವನ್ನೂ ನೋಡದೆ, ತಂಗಿಯನ್ನು ಕೇಳಿದರು: "ಆ ಹಾಸ್ಟೆಲಿನಲ್ಲಿ ಊಟ ಹೇಗಂತೆ?"